ನೀರಿನ ದಿನ

ಆಸ್ತಿ ಪತ್ರ ಅಂದರೆ ನಮಗೆ ಎಕರೆ, ಗುಂಟೆ, ಚಕ್ಕುಬಂದಿ ನೆನಪಾಗುತ್ತವೆ. ಈಜಿಪ್ಟಿನ ಐನ್ ಮನಾವೀರ್ ಎಂಬ ಹಳೇ ಹಳ್ಳಿಯ ಕರಾರುಗಳಲ್ಲಿ ಕೈ ಬದಲಾಗುತ್ತಿದ್ದದ್ದು ‘ನೀರಿನ ದಿನ’. ಒಂದು ದಿನದ ನೀರು, ಇಲ್ಲವೇ ದಿನದ ಒಂದು ಪಾಲು. ಅದನ್ನು ಮಾರುತ್ತಿದ್ದರು, ಗೇಣಿಗೆ ಕೊಡುತ್ತಿದ್ದರು.

ಈ ಹಳ್ಳಿ ಇರುವುದು ಖಾರ್ಗಾ ಓಯಸಿಸ್‌ನ ದಕ್ಷಿಣ ತುದಿಯಲ್ಲಿ. ನೈಲ್ ನದಿ ತುಂಬಾ ದೂರ, ಮಳೆ ಇಲ್ಲವೇ ಇಲ್ಲ ಅನ್ನಬಹುದು. 1990ರ ದಶಕದಲ್ಲಿ ಫ್ರೆಂಚ್ ಪುರಾತತ್ವ ತಂಡ ಇಲ್ಲಿ ಅಗೆಯತೊಡಗಿತು. ಹಸಿ ಇಟ್ಟಿಗೆಯ ಮನೆಗಳು, ಒಸಿರಿಸ್ ದೇವರ ಗುಡಿ, ಜೊತೆಗೆ ನೂರಾರು ಬೋಕಿಗಳು ಸಿಕ್ಕವು. ಹೌದು, ಒಡೆದ ಮಡಕೆಯ ಚೂರುಗಳೇ. ಜೊಂಡಿನಿಂದ ಮಾಡುತ್ತಿದ್ದ ಪಪೈರಸ್ ಹಾಳೆ ದುಬಾರಿ, ಬೋಕಿ ಪುಕ್ಕಟೆ. ಅದರ ಮೇಲೆ ಶಾಯಿಯಲ್ಲಿ, ಆಗಿನ ಈಜಿಪ್ಟಿನ ದಿನಬಳಕೆಯ ಡೆಮೋಟಿಕ್ ಲಿಪಿಯಲ್ಲಿ ಕರಾರು ಬರೆದಿದ್ದಾರೆ. ಆಗ ಈಜಿಪ್ಟನ್ನೂ ಆಳುತ್ತಿದ್ದ ಒಂದನೇ ಅರ್ತಾಕ್ಸೆರ್ಕ್ಸಿಸ್, ಎರಡನೇ ದಾರಿಯಸ್‌ರಂಥ ಪರ್ಷಿಯನ್ ದೊರೆಗಳ ಆಳ್ವಿಕೆಯ ವರ್ಷವನ್ನೂ ಹಾಕಿದ್ದಾರೆ. ಹಾಗಾಗಿ ಇವುಗಳಲ್ಲಿ ಹೆಚ್ಚಿನವು ಕ್ರಿ.ಪೂ. 5ನೇ ಶತಮಾನದವು ಎಂದು ಗೊತ್ತಾಯಿತು.

ನೀರನ್ನು ಕೊಡಗಳಲ್ಲಿ ಅಳೆಯದೆ ದಿನದ ಲೆಕ್ಕದಲ್ಲಿ ಯಾಕೆ ಅಳೆದರು? ಉತ್ತರ ಆ ನೀರು ಬರುತ್ತಿದ್ದ ದಾರಿಯಲ್ಲಿದೆ. ಗುಡ್ಡದ ಮರಳುಗಲ್ಲಿನೊಳಗೆ ನೀರು ಅಡಗಿತ್ತು. ಅಲ್ಲಿಂದ ಹೊಲದ ಕಡೆಗೆ ಸ್ವಲ್ಪವೇ ಇಳಿಜಾರಾಗಿ ಸುರಂಗ ಕೊರೆದರು. ಮಣ್ಣು ಮೇಲೆತ್ತಲು, ಗಾಳಿಯಾಡಲು ನಡುನಡುವೆ ಬಾವಿಯಂಥ ಕಿಂಡಿಗಳು. ಇದಕ್ಕೆ ಖನಾತ್ ಅನ್ನುತ್ತಾರೆ. ಬೀದರ್‌ನ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ನೋಡಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಅಲ್ಲಿನವರು ಸುರಂಗ ಬಾವಿ ಅನ್ನುವುದು ಅದನ್ನೇ. ಕಾಲ ಬೇರೆ, ತಂತ್ರ ಒಂದೇ.

ಖನಾತ್‌ನ ನೀರಿಗೆ ಏತ ಬೇಡ, ಎತ್ತು ಬೇಡ. ಆದರೆ ಅದು ಹಗಲೂ ರಾತ್ರಿ ಸುಮ್ನೆ ಹರಿಯುತ್ತಲೇ ಇರುತ್ತದೆ. ಅಂಥದ್ದನ್ನು ಹಂಚಿಕೊಳ್ಳಲು ಸರದಿಯೇ ಸುಲಭ: ಇವತ್ತು ನಿನ್ನ ಮಡಿಗೆ, ನಾಳೆ ನನ್ನ ಮಡಿಗೆ. ಇನ್ನೊಂದು ಅನುಕೂಲವೂ ಇದೆ. ಹರಿವು ಕುಗ್ಗಿದರೆ ಎಲ್ಲರ ಪಾಲೂ ಕುಗ್ಗುತ್ತದೆ, ಕರಾರು ತಿದ್ದಬೇಕಿಲ್ಲ. ನೆಲಕ್ಕೇನು, ಕಣ್ಣು ಹಾಯಿಸಿದಷ್ಟೂ ಇತ್ತು. ಸರದಿ ಇಲ್ಲದವನಿಗೆ ಅದು ಬರೀ ಮರಳು, ಅಲ್ವಾ?

ಈ ನೀರಿನಲ್ಲಿ ಬೆಳೆದದ್ದರಲ್ಲಿ ಹರಳು ಮುಖ್ಯ. ಬೋಕಿಗಳಲ್ಲಿ ಹರಳೆಣ್ಣೆಯ ಲೆಕ್ಕ ಮತ್ತೆ ಮತ್ತೆ ಬರುತ್ತದೆ. ನನಗೆ ಅಚ್ಚರಿ ತಂದದ್ದು ಮಾತ್ರ ಬೇರೆ. ಶತಮಾನದ ಕೊನೆಯ ಹೊತ್ತಿಗೆ ಈ ಕರಾರುಗಳಲ್ಲಿ ಗ್ರೀಕರ ಬೆಳ್ಳಿ ನಾಣ್ಯ ಸ್ಟೇಟರ್ ಕಾಣಿಸಿಕೊಳ್ಳುತ್ತದೆ. ಮರಳಿನ ನಡುವಿನ ಕುಗ್ರಾಮ ಅಂದುಕೊಂಡರೆ, ಇಲ್ಲಿನ ರೈತರು ವ್ಯವಹಾರಕ್ಕೆ ಗ್ರೀಕ್ ದುಡ್ಡು ಬಳಸುತ್ತಿದ್ದಾರೆ!

ಗುಡ್ಡದೊಳಗಿನ ನೀರು ಮಳೆಯಿಂದ ಮರುತುಂಬುವಂಥದ್ದಲ್ಲ. ಮಟ್ಟ ಇಳಿದಂತೆಲ್ಲ ಸುರಂಗದ ತಳವನ್ನು ಇನ್ನಷ್ಟು ಆಳಕ್ಕೆ ಕಡಿಯುತ್ತಾ ಹೋಗಿದ್ದಾರೆ. ಕ್ರಿ.ಪೂ. 4ನೇ ಶತಮಾನದಲ್ಲಿ ಊರು ಬರಿದಾಯಿತು. ರೋಮನ್ನರ ಕಾಲದಲ್ಲಿ ಮತ್ತೆ ಜನ ಬಂದು, ಅದೇ ಗುಡ್ಡದ ನೀರಿಗೆ ಕೈಹಾಕಿದರು.