ಇಸ್ರೊ ಎಂಬ ಮನೆ ಕವಲೊಡೆದ ಬಗೆ

ರಾಕೆಟ್ ಉಡಾವಣೆಯಾದ ದಿನ ಈಗ ಸುದ್ದಿಯಲ್ಲಿ ಇಸ್ರೊ ಹೆಸರೊಂದೇ ಇರುವುದಿಲ್ಲ. ಗ್ರಾಹಕರೊಂದಿಗೆ ಒಪ್ಪಂದ ಮಾಡಿಕೊಳ್ಳುವುದು ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್ (ಎನ್‌ಎಸ್‌ಐಎಲ್), ಖಾಸಗಿ ಕಂಪನಿಗಳಿಗೆ ಅನುಮತಿ ನೀಡುವುದು ಇನ್‌–ಸ್ಪೇಸ್, ಉಡಾವಣಾ ಕಟ್ಟೆಯನ್ನು ನಡೆಸುವುದು ಇಸ್ರೊ. ಮೂರೂ ಬಾಹ್ಯಾಕಾಶ ಇಲಾಖೆಯ ಅಡಿಯಲ್ಲಿವೆ. ಆ ಇಲಾಖೆಯ ಕಾರ್ಯದರ್ಶಿ, ಬಾಹ್ಯಾಕಾಶ ಆಯೋಗದ ಅಧ್ಯಕ್ಷ ಮತ್ತು ಇಸ್ರೊ ಅಧ್ಯಕ್ಷ ಒಬ್ಬರೇ ಆಗಿರುತ್ತಾರೆ. ಈ ಏರ್ಪಾಡು ಹೀಗೇಕಾಯಿತು ಎಂದು ತಿಳಿಯಲು ಅರವತ್ತು ವರ್ಷ ಹಿಂದೆ ಹೋಗಬೇಕು.

1962ರಲ್ಲಿ ಅಣುಶಕ್ತಿ ಇಲಾಖೆಯೊಳಗೆ ವಿಕ್ರಂ ಸಾರಾಭಾಯಿ ಅವರ ನೇತೃತ್ವದ ಒಂದು ಸಮಿತಿ, 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್, 1969ರ ಆಗಸ್ಟ್ 15ರಂದು ಇಸ್ರೊ, 1971ರಲ್ಲಿ ಶ್ರೀಹರಿಕೋಟದಿಂದ ಚಿಕ್ಕ ರಾಕೆಟ್‌ಗಳು: ಮೊದಲ ದಶಕದ ಕಥೆ ಇಷ್ಟು. ಆಗ ಸ್ಥಳಗಳನ್ನು ಆರಿಸಿದ್ದು ಭೂಗೋಳ. ಕಾಂತೀಯ ಸಮಭಾಜಕ ವೃತ್ತ ಹಾದುಹೋಗುವ ತುಂಬಾ ಮೇಲ್ವಾತಾವರಣದ ಅಧ್ಯಯನಕ್ಕೆ ಹೇಳಿಮಾಡಿಸಿದಂತಿತ್ತು. ಪೂರ್ವಕ್ಕೆ ಸಮುದ್ರವಿರುವ ಶ್ರೀಹರಿಕೋಟದಿಂದ ಹಾರುವ ರಾಕೆಟ್‌ಗೆ ಭೂಮಿಯ ತಿರುಗುವಿಕೆಯ ವೇಗವೂ ನೆರವಾಗುತ್ತದೆ, ಕಳಚಿ ಬೀಳುವ ಭಾಗಗಳು ನೀರಿಗೇ ಬೀಳುತ್ತವೆ.

1971ರ ಡಿಸೆಂಬರ್ 30ರಂದು ಸಾರಾಭಾಯಿ ತೀರಿಕೊಂಡರು. ಅವರ ಸ್ಥಾನಕ್ಕೆ ಸರ್ಕಾರ ಕರೆದದ್ದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರನ್ನು. ತಾವು ಸಂಸ್ಥೆಯ ನಿರ್ದೇಶಕರಾಗಿಯೇ ಮುಂದುವರಿಯಬೇಕು, ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂಬ ಎರಡು ಷರತ್ತುಗಳನ್ನು ಅವರು ಮುಂದಿಟ್ಟರು, ಎರಡೂ ಒಪ್ಪಿಗೆಯಾದವು. 1972ರಲ್ಲಿ ಬಾಹ್ಯಾಕಾಶ ಆಯೋಗವೂ ಇಲಾಖೆಯೂ ಹುಟ್ಟಿ, ಇಸ್ರೊ ಅಣುಶಕ್ತಿ ಇಲಾಖೆಯಿಂದ ಬೇರೆಯಾಯಿತು. ಪ್ರಧಾನಿಯವರ ನೇರ ಹೊಣೆಯಲ್ಲಿರುವ ಇಲಾಖೆಯೊಂದು ದೆಹಲಿಯಿಂದ ಇಷ್ಟು ದೂರದಲ್ಲಿ ನೆಲೆಯೂರಿದ್ದು, ನೀತಿ ರೂಪಿಸುವವರೂ ಕೆಲಸ ಮಾಡುವವರೂ ಒಂದೇ ಊರಿನಲ್ಲಿ ಕುಳಿತು ಮಾತಾಡಲು ಸಾಧ್ಯವಾದದ್ದು ಸಣ್ಣ ಸಂಗತಿಯಲ್ಲ. ಮೂರು ಅಧಿಕಾರಗಳು ಒಬ್ಬರಲ್ಲಿ ಸೇರಿದ್ದರಿಂದ ಕಡತಗಳ ಓಡಾಟ ತಪ್ಪಿ ತೀರ್ಮಾನಗಳು ಬೇಗ ಆದವು.

ಆ ವೇಗ ಎಂಥದ್ದೆಂದು ತಿಳಿಯಲು ಪೀಣ್ಯವನ್ನು ನೋಡಬೇಕು. ಭಾರತದ ಉಪಗ್ರಹವನ್ನು ಹಾರಿಸಿಕೊಡಲು ಸೋವಿಯತ್ ಒಕ್ಕೂಟದೊಂದಿಗೆ 1972ರಲ್ಲಿ ಒಪ್ಪಂದವಾದಾಗ ಉಪಗ್ರಹ ಕಟ್ಟಲು ದೇಶದಲ್ಲಿ ಪ್ರಯೋಗಾಲಯವೇ ಇರಲಿಲ್ಲ. ಉಡುಪಿ ಬಳಿಯ ಅದಮಾರಿನಿಂದ ಬಂದ ಯು.ಆರ್. ರಾವ್ ಅವರ ತಂಡ ಪೀಣ್ಯದ ಕೈಗಾರಿಕಾ ಶೆಡ್‌ಗಳನ್ನು ಹಿಡಿದು, ಅಲ್ಲೇ ಶುದ್ಧ ಕೊಠಡಿಗಳನ್ನು ನಿರ್ಮಿಸಿಕೊಂಡು, ದೇಶದ ಮೊದಲ ಉಪಗ್ರಹ, 360 ಕಿಲೊ ತೂಕದ ಆರ್ಯಭಟವನ್ನು ಸಿದ್ಧಪಡಿಸಿತು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ನೆಲದ ಕಪುಸ್ತಿನ್ ಯಾರ್‌ನಿಂದ ಕಕ್ಷೆ ಸೇರಿತು. ವಿದ್ಯುತ್ ಪೂರೈಕೆಯ ದೋಷದಿಂದ ವೈಜ್ಞಾನಿಕ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತರೂ, ಉಪಗ್ರಹ ಕಟ್ಟುವ ವಿದ್ಯೆ ಆ ಶೆಡ್‌ಗಳಲ್ಲೇ ಕೈವಶವಾಯಿತು. ಇಂದಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ಬೇರು ಅಲ್ಲಿದೆ.

ಮುಂದೆ ಕೆಲಸ ಹೆಚ್ಚಿದಂತೆ ಕೇಂದ್ರಗಳೂ ಹೆಚ್ಚಿದವು. ರಾಕೆಟ್ ವಿನ್ಯಾಸ ತಿರುವನಂತಪುರದಲ್ಲಿ, ಎಂಜಿನ್ ಪರೀಕ್ಷೆ ಮಹೇಂದ್ರಗಿರಿಯಲ್ಲಿ, ಉಪಗ್ರಹಗಳ ಉಪಕರಣಗಳು ಅಹಮದಾಬಾದ್‌ನಲ್ಲಿ, ದೂರಸಂವೇದಿ ದತ್ತಾಂಶ ಹೈದರಾಬಾದ್‌ನಲ್ಲಿ. ಭೂಸ್ಥಿರ ಉಪಗ್ರಹಗಳ ಮೇಲೆ 1982ರಿಂದ ಹಾಸನ ಕಣ್ಣಿಟ್ಟಿದೆ. ಚಂದ್ರಯಾನ–1ರ ಕಾಲದಲ್ಲಿ ಬೆಂಗಳೂರು ಬಳಿಯ ಬ್ಯಾಲಾಳುವಿನಲ್ಲಿ ನಿಂತ 32 ಮೀಟರ್ ವ್ಯಾಸದ ಆಂಟೆನಾ ಇಂದಿಗೂ ದೂರದ ನೌಕೆಗಳ ಸಂಕೇತ ಆಲಿಸುತ್ತಿದೆ. ಇವೆಲ್ಲ ಒಂದೇ ಸಂಸ್ಥೆಯ ಅಂಗಗಳಾಗಿದ್ದುದರಿಂದ ಯಾರ ಹೊಣೆ ಯಾವುದು ಎಂಬ ಪ್ರಶ್ನೆ ಹೊರಗೆ ಬರಲೇ ಇಲ್ಲ.

ಗೋಜಲು ಶುರುವಾದದ್ದು ವ್ಯಾಪಾರದಿಂದ. 1992ರಲ್ಲಿ ಇಸ್ರೊದ ವಾಣಿಜ್ಯ ಅಂಗವಾಗಿ ಆಂಟ್ರಿಕ್ಸ್ ಕಂಪನಿ ಸ್ಥಾಪನೆಯಾಯಿತು. ಅದು ಮಾಡಿಕೊಂಡಿದ್ದ ತರಂಗಾಂತರದ ಒಪ್ಪಂದವೊಂದು 2011ರಲ್ಲಿ ರದ್ದಾಗಿ, ವ್ಯಾಜ್ಯ ವಿದೇಶಿ ನ್ಯಾಯಮಂಡಳಿಗಳವರೆಗೆ ಹೋಯಿತು. 2019ರಲ್ಲಿ ಎನ್‌ಎಸ್‌ಐಎಲ್, 2020ರಲ್ಲಿ ಇನ್‌–ಸ್ಪೇಸ್ ಬಂದವು. ಇನ್ನು ಮುಂದೆ ಇಸ್ರೊ ಸಂಶೋಧನೆಗೆ ಒತ್ತು ಕೊಡಬೇಕು, ಸಿದ್ಧ ತಂತ್ರಜ್ಞಾನವನ್ನು ಉದ್ಯಮಕ್ಕೆ ಬಿಟ್ಟುಕೊಡಬೇಕು ಎಂದು 2023ರ ಬಾಹ್ಯಾಕಾಶ ನೀತಿ ಹೇಳಿತು. ದಿಕ್ಕು ಸರಿಯಾಗಿದೆ. ಆದರೆ ಕಾಯ್ದೆಯ ಬಲವಿಲ್ಲದ ನಿಯಂತ್ರಕ ಸಂಸ್ಥೆಯಾದ ಇನ್‌–ಸ್ಪೇಸ್, ತಾನು ನಿಯಂತ್ರಿಸಬೇಕಾದ ಕ್ಷೇತ್ರದ ಅತಿ ದೊಡ್ಡ ಸಂಸ್ಥೆ ಇರುವ ಇಲಾಖೆಯೊಳಗೇ ಇದೆ. ಧವನ್ ಅವರ ಕಾಲಕ್ಕೆ ಶಕ್ತಿಯಾಗಿದ್ದ ಏಕಕೇಂದ್ರ ಇಲ್ಲಿ ತೊಡಕಾಗಬಹುದು. ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡು 2017ರಲ್ಲೇ ಪ್ರಕಟವಾಗಿತ್ತು. ಅದು ಕಾಯ್ದೆಯಾಗಿ ಹೊರಬರಲಿಲ್ಲ.

ಇದು ಬರಿಯ ಕಾನೂನಿನ ಚರ್ಚೆಯಲ್ಲ. ಶ್ರೀಹರಿಕೋಟದಿಂದ ಧ್ರುವೀಯ ಕಕ್ಷೆಗೆಂದು ದಕ್ಷಿಣದತ್ತ ಹೊರಟ ರಾಕೆಟ್ ಶ್ರೀಲಂಕಾವನ್ನು ತಪ್ಪಿಸಲು ಸುತ್ತು ಹಾಕಬೇಕು, ಚಿಕ್ಕ ರಾಕೆಟ್‌ಗೆ ಆ ಸುತ್ತು ಬಲು ದುಬಾರಿ. ಹಾಗಾಗಿಯೇ ತಮಿಳುನಾಡಿನ ಕುಲಶೇಖರಪಟ್ಟಿನದಲ್ಲಿ ಎರಡನೆಯ ಉಡಾವಣಾ ನೆಲೆಗೆ 2024ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿತ್ತು. ಚಿಕ್ಕ ರಾಕೆಟ್ ಎಸ್‌ಎಸ್‌ಎಲ್‌ವಿ ತಯಾರಿಸುವ ಹಕ್ಕು 2025ರಲ್ಲಿ ಎಚ್‌ಎಎಲ್ ಪಾಲಾಯಿತು. ನಾಳೆ ಉದ್ಯಮ ತಯಾರಿಸಿದ, ಇನ್‌–ಸ್ಪೇಸ್ ಅನುಮತಿಸಿದ ರಾಕೆಟ್ಟೊಂದು ಇಸ್ರೊ ಕಟ್ಟೆಯಿಂದ ಹಾರಿ, ಅದರ ಚೂರು ಪರದೇಶದ ನೆಲದಲ್ಲಿ ಹಾನಿ ಮಾಡಿದರೆ, ಅಂತರರಾಷ್ಟ್ರೀಯ ಒಡಂಬಡಿಕೆಯ ಪ್ರಕಾರ ಪರಿಹಾರದ ಪೂರ್ಣ ಹೊಣೆ ಭಾರತ ಸರ್ಕಾರದ್ದು. ಅದರಲ್ಲಿ ಎಷ್ಟು ಪಾಲನ್ನು ಕಂಪನಿಯಿಂದ ವಸೂಲಿ ಮಾಡಬಹುದು ಎಂಬುದನ್ನು ಬರೆದಿಡಬೇಕಾದ ಕಾಯ್ದೆ ಆ ಕರಡಿನಲ್ಲೇ ಉಳಿದಿದೆ.