524 ಹುಲಿ ಎಂದರೆ ಎಷ್ಟು ಹುಲಿ?

2019ರ ಜುಲೈ ಕೊನೆಯಲ್ಲಿ ಹುಲಿ ಅಂದಾಜಿನ ಫಲಿತಾಂಶ ಹೊರಬಿದ್ದಾಗ ಕರ್ನಾಟಕಕ್ಕೆ 524, ಮಧ್ಯಪ್ರದೇಶಕ್ಕೆ 526. ಎರಡೇ ಎರಡು ಹುಲಿಗಳಿಂದ ಮೊದಲ ಸ್ಥಾನ ಕೈತಪ್ಪಿತು ಎಂದು ನಾವು ಪೇಚಾಡಿಕೊಂಡೆವು. ಅದೇ ವರದಿಯ ಕೋಷ್ಟಕದಲ್ಲಿ ಆ ಅಂಕಿಗಳ ಪಕ್ಕದಲ್ಲೇ ಇನ್ನೆರಡು ಅಂಕಿಗಳಿದ್ದವು: ಅಂದಾಜಿನ ಕೆಳಮಿತಿ, ಮೇಲ್ಮಿತಿ. ಮಧ್ಯಪ್ರದೇಶದ್ದು 441ರಿಂದ 621ರವರೆಗೆ, ಕರ್ನಾಟಕದ್ದು 475ರಿಂದ 573ರವರೆಗೆ. ಅಲ್ಲಿಗಿಂತ ಇಲ್ಲೇ ಹುಲಿ ಹೆಚ್ಚಿರಬಹುದು, ಇಲ್ಲಿಗಿಂತ ಅಲ್ಲಿ ಬಹಳ ಹೆಚ್ಚೂ ಇರಬಹುದು. ಆ ಎರಡು ಹುಲಿಗಳ ಅಂತರಕ್ಕೆ ವಿಜ್ಞಾನದ ಲೆಕ್ಕದಲ್ಲಿ ಅರ್ಥವೇ ಇರಲಿಲ್ಲ.

ಇದನ್ನು ಯಾರು ಹೇಳಬೇಕು? ಎಣಿಸುವ ಅರಣ್ಯ ಇಲಾಖೆಯೇ ಹೇಳಲಿ ಎಂದು ಕಾಯುವುದು ಕಷ್ಟ. ಹುಲಿ ಹೆಚ್ಚಾದರೆ ಅದಕ್ಕೆ ಹೆಸರು, ಕಡಿಮೆಯಾದರೆ ವಿಚಾರಣೆ. ಅಧಿಕಾರಿಗಳು ಅಪ್ರಾಮಾಣಿಕರು ಎಂದು ಇದರ ಅರ್ಥವಲ್ಲ. ತಾನು ಕಾಯುವ ಕಾಡಿನ ಲೆಕ್ಕವನ್ನು ತಾನೇ ತಪಾಸಣೆ ಮಾಡಿಕೊಳ್ಳುವ ಯಾರಿಗಾದರೂ ಕಣ್ಣು ಒಂದು ಕಡೆಗೆ ವಾಲುತ್ತದೆ, ಅಷ್ಟೆ.

ವಾಲಿದ್ದಕ್ಕೆ ನಾವು ತೆತ್ತ ಬೆಲೆ ದೊಡ್ಡದು. 1972ರ ಮೊದಲ ರಾಷ್ಟ್ರೀಯ ಗಣತಿ ದೇಶದಲ್ಲಿ 1,827 ಹುಲಿಗಳಿವೆ ಎಂದಿತು. ವಿಧಾನ ಹೆಜ್ಜೆಗುರುತಿನದು. ಗಾರ್ಡುಗಳು ಕಾಡು ಸುತ್ತಿ, ಮಣ್ಣಿನಲ್ಲಿ ಮೂಡಿದ ಹಿಂಗಾಲಿನ ಗುರುತಿನ ಮೇಲೆ ಗಾಜು ಇಟ್ಟು ಗೆರೆ ಎಳೆಯುತ್ತಿದ್ದರು, ಇಲ್ಲವೇ ಪ್ಲಾಸ್ಟರ್ ಅಚ್ಚು ತೆಗೆಯುತ್ತಿದ್ದರು. ಒಂದೊಂದು ಹುಲಿಯ ಪಾದವೂ ಬೇರೆ, ನುರಿತ ಕಣ್ಣು ಅದನ್ನು ಗುರುತಿಸಬಲ್ಲದು ಎಂಬ ನಂಬಿಕೆ. ಒದ್ದೆ ಮಣ್ಣಿನಲ್ಲಿ ಅದೇ ಪಾದ ಅಗಲವಾಗಿ ಕಾಣುತ್ತದೆ, ಇಳಿಜಾರಿನಲ್ಲಿ ಉದ್ದವಾಗುತ್ತದೆ, ಕಲ್ಲುನೆಲದಲ್ಲಿ ಮೂಡುವುದೇ ಇಲ್ಲ. 1987ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ಸೆರೆಯಲ್ಲಿದ್ದ ಬೆರಳೆಣಿಕೆಯ ಹುಲಿಗಳ ಹೆಜ್ಜೆ ಚಿತ್ರಗಳನ್ನು ಅನುಭವಿಗಳ ಮುಂದಿಟ್ಟು ಎಷ್ಟು ಹುಲಿ ಎಂದು ಕೇಳಿದಾಗ ಒಬ್ಬರೂ ಸರಿಯುತ್ತರ ಕೊಡಲಿಲ್ಲ. ಆ ಟೀಕೆಯ ಆಮೇಲೂ ಸುಮಾರು ಒಂದೂವರೆ ದಶಕ ಗಣತಿ ಅದೇ ಹಳಿಯ ಮೇಲೆ ಸಾಗಿತು.

ರಾಜಸ್ಥಾನದ ಸರಿಸ್ಕಾ ಮೀಸಲು ಅರಣ್ಯದಲ್ಲಿ 2004ರಲ್ಲಿ ಕಾಗದದ ಮೇಲೆ ಹತ್ತಕ್ಕೂ ಹೆಚ್ಚು ಹುಲಿಗಳಿದ್ದವು. 2005ರ ಆರಂಭದಲ್ಲಿ ಹುಡುಕಿದರೆ ಒಂದೂ ಇಲ್ಲ. ಮಧ್ಯಪ್ರದೇಶದ ಪನ್ನಾದಲ್ಲಿ ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸಿ ಅಧ್ಯಯನ ಮಾಡುತ್ತಿದ್ದ ರಘು ಚುಂಡಾವತ್ ಅವು ಕಾಣೆಯಾಗುತ್ತಿವೆ ಎಂದು ವರ್ಷಗಳ ಮೊದಲೇ ಎಚ್ಚರಿಸಿದ್ದರು. ಇಲಾಖೆ ಒಪ್ಪಲಿಲ್ಲ. 2009ರ ಹೊತ್ತಿಗೆ ಪನ್ನಾವೂ ಖಾಲಿ. ನಿಜಕ್ಕೂ ಕಳ್ಳಬೇಟೆಗಾರರು ಕೊಂದದ್ದು ಹುಲಿಗಳನ್ನು. ತಪ್ಪು ಲೆಕ್ಕ ಕೊಂದದ್ದು ಸಮಯವನ್ನು.

ಪ್ರಾಣಿ ಹಾದುಹೋದರೆ ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಬಂದಮೇಲೆ ಎಲ್ಲ ಸರಿಹೋಯಿತಲ್ಲ ಎನ್ನುವವರಿದ್ದಾರೆ. ಅರ್ಧ ನಿಜ. ನಾಗರಹೊಳೆಯಲ್ಲಿ ತೊಂಬತ್ತರ ದಶಕದ ಆರಂಭದಲ್ಲೇ ಈ ವಿಧಾನ ಹುಲಿಗಳ ಮೇಲೆ ಪಳಗಿತು. ಕಾಡುದಾರಿಯ ಎರಡೂ ಬದಿಗೆ, ಸುಮಾರು ಮೊಣಕಾಲೆತ್ತರದಲ್ಲಿ ಎರಡು ಕ್ಯಾಮೆರಾ ಕಟ್ಟುತ್ತಾರೆ. ಹುಲಿಯನ್ನು ಗುರುತಿಸುವುದು ಅದರ ಪಟ್ಟೆಯಿಂದ. ಕ್ಯಾಮೆರಾ ಎರಡೇಕೆಂದರೆ ಹುಲಿಯ ಎಡಮೈಯ ಪಟ್ಟೆ ಬಲಮೈಯಲ್ಲಿ ಇರುವುದಿಲ್ಲ. ಒಂದೇ ಕ್ಯಾಮೆರಾ ಇದ್ದು ಒಮ್ಮೆ ಎಡ, ಇನ್ನೊಮ್ಮೆ ಬಲ ಸಿಕ್ಕರೆ ಒಂದು ಹುಲಿ ಎರಡಾಗಿ ದಾಖಲಾಗುತ್ತದೆ. ಮಂಜು ಹಿಡಿದ ಲೆನ್ಸು, ಮುಗಿದ ಬ್ಯಾಟರಿ, ಸೊಂಡಿಲಿನಿಂದ ಡಬ್ಬಿ ಕಿತ್ತೆಸೆದ ಆನೆ, ಇವೆಲ್ಲ ಲೆಕ್ಕದಲ್ಲಿ ರಂಧ್ರ ತೋಡುತ್ತವೆ. ಅದಕ್ಕೇ ಯಾವ ಕ್ಯಾಮೆರಾ ಯಾವ ದಿನ ಕೆಲಸ ಮಾಡಲಿಲ್ಲ ಎಂಬುದೂ ಹುಲಿಯ ಫೋಟೊದಷ್ಟೇ ಮುಖ್ಯ ದಾಖಲೆ.

ಅಸಲಿ ಕೆಲಸ ಫೋಟೊಗೆ ಸಿಗದ ಹುಲಿಗಳ ಅಂದಾಜು. ಒಂದು ಕಾಲ್ಪನಿಕ ಲೆಕ್ಕ ನೋಡಿ. ಮೊದಲ 20 ದಿನ 30 ಹುಲಿ ಸಿಕ್ಕವು. ಮುಂದಿನ 20 ದಿನ 28. ಅವುಗಳಲ್ಲಿ 21 ಹಿಂದೆಯೇ ಕಂಡಿದ್ದವು. 28ರಲ್ಲಿ ಮುಕ್ಕಾಲು ಪಾಲು ಹಿಂದೆಯೇ ಕಂಡವಾದರೆ, ಮೊದಲ 30 ಕೂಡ ಕಾಡಿನ ಹುಲಿಗಳ ಮುಕ್ಕಾಲು ಪಾಲು ಎಂದಾಗುತ್ತದೆ. 30ನ್ನು 28ರಿಂದ ಗುಣಿಸಿ 21ರಿಂದ ಭಾಗಿಸಿದರೆ 40. ಕಂಡದ್ದು 37, ಕಾಣದೆ ಉಳಿದದ್ದು ಅಂದಾಜು 3. ಈಗ ಪಟ್ಟೆ ಹೋಲಿಸುವಾಗ ಮಸುಕು ಚಿತ್ರಗಳಿಂದಾಗಿ ಮೂರು ಹಳೆಯ ಹುಲಿಗಳನ್ನು ಹೊಸವು ಎಂದು ಬರೆದುಕೊಂಡೆವು ಎನ್ನಿ. ಮರಳಿ ಸಿಕ್ಕವು 21ರ ಬದಲು 18 ಆದವು. ಉತ್ತರ 47ಕ್ಕೆ ಜಿಗಿಯಿತು! ಮೂರು ತಪ್ಪಿಗೆ ಏಳು ಹುಲಿ ಹುಟ್ಟಿದವು. ಇಂದು ಬಳಸುವ ಸೂತ್ರಗಳು ಇದಕ್ಕಿಂತ ಬಹಳ ಸೂಕ್ಷ್ಮ, ಆದರೆ ತಪ್ಪು ಗುರುತು ಅವುಗಳನ್ನೂ ಹೀಗೇ ಕಾಡುತ್ತದೆ.

ಇನ್ನೊಂದು ಬಲೆ ವಿಸ್ತೀರ್ಣದ್ದು. 20 ಕಿ.ಮೀ. ಚೌಕದಲ್ಲಿ, ಅಂದರೆ 400 ಚದರ ಕಿ.ಮೀ.ನಲ್ಲಿ ಕ್ಯಾಮೆರಾ ಇಟ್ಟು 40 ಹುಲಿ ಎಂದು ಕಂಡುಕೊಂಡರೆ ನೂರು ಚದರ ಕಿ.ಮೀ.ಗೆ 10 ಹುಲಿ ಎಂದು ಬರೆಯುವ ಆಸೆಯಾಗುತ್ತದೆ. ಹುಲಿಗೆ ನಮ್ಮ ಚೌಕ ಗೊತ್ತಿಲ್ಲ. ಅಂಚಿನಾಚೆ 3 ಕಿ.ಮೀ. ದೂರದಲ್ಲಿ ಮನೆ ಮಾಡಿದ ಹುಲಿಯೂ ಒಳಗೆ ಬಂದು ಫೋಟೊಗೆ ಸಿಕ್ಕಿಹಾಕಿಕೊಳ್ಳುತ್ತದೆ. ಆ ಅಂಚನ್ನೂ ಸೇರಿಸಿದರೆ ವಿಸ್ತೀರ್ಣ ಸುಮಾರು 668 ಚದರ ಕಿ.ಮೀ., ಸಾಂದ್ರತೆ 6. ಅದೇ ಹುಲಿಗಳು, ಅದೇ ಫೋಟೊಗಳು. ಹತ್ತರ ದರವನ್ನು ಹಿಡಿದು ಪಕ್ಕದ ಸಾವಿರ ಚದರ ಕಿ.ಮೀ. ಕಾಡಿಗೆ ಗುಣಿಸಿದರೆ ಇಲ್ಲದ ನಲವತ್ತು ಹುಲಿಗಳು ವರದಿಯಲ್ಲಿ ಓಡಾಡುತ್ತವೆ.

ಆ ಗುಣಿಸುವಿಕೆಯ ಮೇಲೆಯೇ ದೊಡ್ಡ ಜಗಳ ನಡೆದದ್ದು. ದೇಶದ ಎಲ್ಲ ಕಾಡಿಗೂ ಕ್ಯಾಮೆರಾ ಕಟ್ಟಲಾಗದು. 2006ರಿಂದ ರಾಷ್ಟ್ರೀಯ ಅಂದಾಜಿನಲ್ಲಿ ಕ್ಯಾಮೆರಾ ಇಟ್ಟ ಕಾಡುಗಳಲ್ಲಿ ಹುಲಿಯ ಸಾಂದ್ರತೆಗೂ ಹೆಜ್ಜೆ, ಹಿಕ್ಕೆಗಳ ಪ್ರಮಾಣಕ್ಕೂ ಇರುವ ಸಂಬಂಧ ಹುಡುಕಿ, ಅದರ ಬಲದಿಂದ ಉಳಿದ ಕಾಡುಗಳ ಸಂಖ್ಯೆ ಕಟ್ಟಲಾಯಿತು. ಬೆಂಗಳೂರಿನಿಂದ ಹಳೇ ಮೈಸೂರು ರಸ್ತೆ ಹಿಡಿದು ನಾಗರಹೊಳೆಗೆ ಹೋಗುವವರು ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಗೇಟು ದಾಟಿಯೇ ಹೋಗುತ್ತಾರೆ. ಅಲ್ಲಿನ ಮೋಹನ್ ದೇಲಂಪಾಡಿ, ಅವರ ಜೊತೆಗೆ ಅರ್ಜುನ್ ಗೋಪಾಲಸ್ವಾಮಿ, ಕಾರಂತ ಮತ್ತಿತರರು 2015ರಲ್ಲಿ ಈ ವಿಧಾನದ ಗಣಿತವನ್ನೇ ಬಿಚ್ಚಿ ನೋಡಿದರು. ಅವರ ಆಕ್ಷೇಪಣೆಯನ್ನು ಸರಳವಾಗಿ ಹೇಳುವುದಾದರೆ, ಹೆಜ್ಜೆ ಎಷ್ಟು ಸಿಗುತ್ತದೆ ಎಂಬುದು ಹುಲಿಯ ಸಂಖ್ಯೆಯೊಂದನ್ನೇ ಅವಲಂಬಿಸಿಲ್ಲ, ನೆಲವನ್ನೂ ಹುಡುಕುವವನನ್ನೂ ಅವಲಂಬಿಸಿದೆ. ದೂಳುದಾರಿಯಲ್ಲಿ ಢಾಳಾಗಿ ಕಾಣುವ ಹೆಜ್ಜೆ ತರಗೆಲೆ ಹಾಸಿದ ಕಾಡಿನಲ್ಲಿ ಮಾಯ. ಕಾಣುವ ಸಂಭವವೇ ಕಾಡಿನಿಂದ ಕಾಡಿಗೆ ಹೀಗೆ ಏರಿಳಿಯುವಾಗ, ಒಂದು ಕಡೆ ಸಿಕ್ಕ ಗಟ್ಟಿ ಸಂಬಂಧವನ್ನು ಇನ್ನೊಂದು ಕಡೆಗೆ ನಂಬಿಕೆಯಿಂದ ಒಯ್ಯಲಾಗದು. ಅಂದಾಜು ಮಾಡಿದ ತಂಡದವರೂ ಸುಮ್ಮನಿರಲಿಲ್ಲ. 2019ರಲ್ಲಿ ಪ್ರತಿಲೇಖನ ಬರೆದು ತಮ್ಮ ವಿಧಾನವನ್ನು ಸಮರ್ಥಿಸಿಕೊಂಡರು. ಜಗಳ ಜರ್ನಲ್‌ಗಳಲ್ಲಿ ನಡೆದದ್ದೇ ಒಳ್ಳೆಯದಾಯಿತು. ಅಲ್ಲಿ ಸಿಟ್ಟಿಗಿಂತ ಸಮೀಕರಣಕ್ಕೆ ಬೆಲೆ.

ಹೊರಗಿನ ಕಣ್ಣು ಯಾವಾಗಲೂ ಇಷ್ಟು ಗಹನವಾದದ್ದನ್ನೇ ಹಿಡಿಯಬೇಕೆಂದಿಲ್ಲ. 2006ರ ಅಂದಾಜು 1,411, 2010ರದ್ದು 1,706. ಶೇ. 20ಕ್ಕೂ ಹೆಚ್ಚು ಏರಿಕೆ ಎಂದು ಸಂಭ್ರಮ. ಆದರೆ 2006ರಲ್ಲಿ ಸುಂದರಬನ ಲೆಕ್ಕದಲ್ಲೇ ಇರಲಿಲ್ಲ, 2010ರಲ್ಲಿ ಅಲ್ಲಿಯ 70 ಹುಲಿಗಳು ಸೇರಿದ್ದವು. ಅವನ್ನು ಕಳೆದರೆ 1,636. 2006ರ ಅಂದಾಜಿನ ಮೇಲ್ಮಿತಿ 1,657. ಅಂದಮೇಲೆ ಹುಲಿ ಹೆಚ್ಚಿದವೋ, ನೋಡಿದ ಜಾಗ ಹೆಚ್ಚಿತೋ? ಹೈಸ್ಕೂಲು ಕಳೆಯುವ ಲೆಕ್ಕ ಸಾಕಿತ್ತು.

ಆಮೇಲೆ ಸುಧಾರಣೆ ಆಗಿದೆ, ಅದನ್ನು ಹೇಳದಿದ್ದರೆ ಅನ್ಯಾಯ. 2018ರಲ್ಲಿ 26,838 ಕಡೆ ಕ್ಯಾಮೆರಾ ಕಟ್ಟಿ 2,461 ಹುಲಿಗಳನ್ನು ಬಿಡಿಬಿಡಿಯಾಗಿ ಗುರುತಿಸಲಾಯಿತು. ಒಟ್ಟು ಅಂದಾಜು 2,967. ಊಹೆಯ ಪಾಲು ಶೇ. 17ಕ್ಕೆ ಇಳಿಯಿತು. ಇಷ್ಟಾದರೂ ಹೊರಗಿನ ವಿಜ್ಞಾನಿಗಳ ದೂರು ಒಂದು ಉಳಿದಿದೆ: ಕಚ್ಚಾ ದತ್ತಾಂಶ ಕೈಗೆ ಸಿಗದು. ದಪ್ಪನೆಯ ವರದಿ ಓದಿ ಅಭಿಪ್ರಾಯ ಹೇಳುವುದು ಪರಿಶೀಲನೆಯಲ್ಲ, ಮುನ್ನುಡಿ ಬರೆಯುವ ಕೆಲಸ. ಲೆಕ್ಕವನ್ನು ಮರಳಿ ಮಾಡಿ ನೋಡಲು ಬೇಕಾದದ್ದು ಮೂರು ಕೋಷ್ಟಕ: ಯಾವ ಕ್ಯಾಮೆರಾ ಎಲ್ಲಿತ್ತು, ಯಾವ ಯಾವ ದಿನ ಚಾಲೂ ಇತ್ತು, ಯಾವ ಹುಲಿ ಯಾವ ದಿನ ಎಲ್ಲಿ ಸಿಕ್ಕಿತು. ಜೊತೆಗೆ ಪಟ್ಟೆ ಹೋಲಿಕೆಯನ್ನು ಪರೀಕ್ಷಿಸಲು ಒಂದಷ್ಟು ಫೋಟೊಗಳ ಮಾದರಿ. ಜಾಗ ಬಯಲಾದರೆ ಕಳ್ಳಬೇಟೆಗಾರರಿಗೆ ದಾರಿ ತೋರಿಸಿದಂತೆ ಎಂಬ ಭಯ ಸುಳ್ಳಲ್ಲ. ಅದಕ್ಕೆ ಉಪಾಯವೂ ಇದೆ. ಸೂತ್ರಕ್ಕೆ ಬೇಕಾದದ್ದು ಕ್ಯಾಮೆರಾಗಳ ನಡುವಿನ ದೂರ, ಭೂಪಟದ ನಿಜವಾದ ಜಾಗವಲ್ಲ. ಎಲ್ಲ ಬಿಂದುಗಳನ್ನೂ ಒಟ್ಟಾಗಿ ಬೇರೆಡೆಗೆ ಸರಿಸಿ, ಒಂದಿಷ್ಟು ತಿರುಗಿಸಿ ಕೊಟ್ಟರೂ ಮೂಲ ಉತ್ತರ ಬದಲಾಗದು. ಕಾಡಿನ ಬಗೆ, ನೀರು, ಊರಿನ ದೂರ ಇಂಥವನ್ನು ಸೇರಿಸುವಾಗ ಮಾತ್ರ ಅವುಗಳ ಅಂಕಿಗಳನ್ನೂ ಬಿಂದುವಿನ ಜೊತೆಗೇ ಕೊಡಬೇಕು.

ಈಗ ಇದೇ ಪ್ರಶ್ನೆ ಆನೆಗಳ ಸರದಿಗೆ ಬಂದಿದೆ. 2023ರ ಅಂದಾಜಿನಲ್ಲಿ ಕರ್ನಾಟಕದ ಆನೆಗಳು 6,395. ಅದು ಕಾಡನ್ನು ತುಂಡುತುಂಡಾಗಿ ಹಂಚಿಕೊಂಡು, ನಡೆದು, ಕಂಡ ಆನೆ ಎಣಿಸಿ ಕಟ್ಟಿದ ಸಂಖ್ಯೆ. 2025ರಲ್ಲಿ ಬಂದ ರಾಷ್ಟ್ರೀಯ ವರದಿ ಲದ್ದಿಯಿಂದ ಡಿಎನ್‌ಎ ತೆಗೆದು ಆನೆಗಳನ್ನು ಬಿಡಿಬಿಡಿಯಾಗಿ ಗುರುತಿಸಿತು. ಒಂದೇ ಆನೆಯ ಲದ್ದಿ ಎರಡನೇ ಸಲ ಸಿಕ್ಕರೆ ಅದು ಕ್ಯಾಮೆರಾಗೆ ಹುಲಿ ಮರಳಿ ಬಿದ್ದಂತೆ. ಆ ವರದಿಯಲ್ಲಿ ಕರ್ನಾಟಕದ ಪಾಲು 6,013. ಕಡಿಮೆಯಾದ 382 ಆನೆಗಳು ಸತ್ತವೇ, ಗಡಿ ದಾಟಿದವೇ, ಮೊದಲೇ ಇರಲಿಲ್ಲವೇ? 2023ರ ಅಂದಾಜಿನ ಕೆಳಮಿತಿಯೇ 5,914 ಇತ್ತು.