‘ಒಂದು 440ರ ಮೋಟಾರು ಬೇಕಿತ್ತು’

ಬದಿಯಡ್ಕದಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತಿಕೊಡುವ ನನ್ನ ವೈಂಡಿಂಗ್ ಅಂಗಡಿಗೆ ತಿಂಗಳಿಗೆ ಒಬ್ಬರಾದರೂ ಬಂದು ಹೀಗೆ ಕೇಳುತ್ತಾರೆ. ಯಾವುದಕ್ಕೆ ಎಂದರೆ, ‘ಅಡುಗೆಮನೆಯ ಗ್ರೈಂಡರಿಗೆ.’ 440 ವೋಲ್ಟ್ ಅಂತ ಯಾರು ಹೇಳಿದರು? ‘ಮೋಟಾರಿನ ಮೇಲೇ ಬರೆದಿದೆಯಲ್ಲ!’ ಮೊಬೈಲ್ ತೆಗೆದು ಫೋಟೋ ತೋರಿಸುತ್ತಾರೆ. ನೋಡಿದರೆ ಅದು ಮೋಟಾರೇ ಅಲ್ಲ. ಅದರ ಬದಿಗೆ ಕಟ್ಟಿದ ಕೆಪಾಸಿಟರ್, ಕರೆಂಟು ಹಿಡಿದಿಟ್ಟು ಮೋಟಾರು ತಿರುಗಲು ನೆರವಾಗುವ ಪುಟ್ಟ ಡಬ್ಬಿ. ಊರಿನವರ ಬಾಯಲ್ಲಿ ಕಂಡೆನ್ಸರ್.

ನಮ್ಮ ಕಡೆ ಈ ತಪ್ಪು ಗಟ್ಟಿಯಾಗಲು ಇನ್ನೊಂದು ಕಾರಣ ಉಂಟು. ಅಡಿಕೆ ತೋಟದ ಪಂಪಿಗೆ ಬರುವ ತ್ರೀ ಫೇಸ್ ಲೈನನ್ನು ಇಲ್ಲಿ ಎಲ್ಲರೂ ‘440’ ಎಂದೇ ಕರೆಯುವುದು. ಲೆಕ್ಕಕ್ಕೆ ಅದು 400ರ ಆಸುಪಾಸು, ಇರಲಿ. ಹೋದ ವರ್ಷ ಒಬ್ಬರು ಮಾಷ್ಟ್ರು ಬಂದಿದ್ದರು. ಏಳನೇ ಕ್ಲಾಸಿನಲ್ಲಿ ನನಗೆ ಲೆಕ್ಕ ಕಲಿಸಿದವರು. ಗ್ರೈಂಡರ್ ಸುಟ್ಟಿತ್ತು. ಕಂಡೆನ್ಸರಿನಲ್ಲಿ 440 ನೋಡಿದ್ದಾರೆ. ಅಡುಗೆಮನೆಯಲ್ಲಿ ಬರುವುದು ಬರೀ 230, ಮೋಟಾರಿಗೆ ಕರೆಂಟು ಸಾಲದೇ ಸುಟ್ಟಿದೆ, ಪಂಪ್ ಶೆಡ್ಡಿನಿಂದ ಒಂದು ವಯರ್ ಎಳೆದರೆ ಸರಿ ಎಂದು ತೀರ್ಮಾನಿಸಿಬಿಟ್ಟಿದ್ದಾರೆ! ಪುಣ್ಯಕ್ಕೆ ವಯರ್ ಎಳೆಯುವ ಮೊದಲು ನನ್ನಲ್ಲಿಗೆ ಬಂದರು.

ನಾನು ಬಯ್ಯಲಿಲ್ಲ. ಅವರು ನನಗೆ ಬಯ್ದದ್ದೇ ಬೇಕಾದಷ್ಟಿದೆ. ಆದರೆ ಅವರು ಕೇಳಿದ ಪ್ರಶ್ನೆ ಒಳ್ಳೆಯದಿತ್ತು. ‘ಮೋಟಾರು 230ರದ್ದಾದರೆ ಕಂಡೆನ್ಸರಿಗೆ 440 ಯಾಕೆ ಮಾರಾಯ?’

ಕೆಪಾಸಿಟರಿನ ಮೇಲಿನ ವೋಲ್ಟ್ ಅದು ತಾಳಿಕೊಳ್ಳುವ ಮಿತಿ. ಬಾವಿಯ ಹಗ್ಗ ನೂರು ಕಿಲೋ ತಡೆಯುತ್ತದೆ ಅಂದರೆ ಕೊಡಪಾನ ನೂರು ಕಿಲೋದ್ದು ಅಂತ ಅಲ್ಲವಲ್ಲ? ಹಾಗೆ. ಇಂಥ ಮೋಟಾರಿನೊಳಗೆ ಎರಡು ವೈಂಡಿಂಗ್ ಇರುತ್ತದೆ. ಕೆಪಾಸಿಟರ್ ಕೂತಿರುವುದು ಎರಡನೆಯದರ ದಾರಿಯಲ್ಲಿ. ಮೋಟಾರು ತಿರುಗುವಾಗ ಆ ವೈಂಡಿಂಗಿನಲ್ಲೂ ವೋಲ್ಟೇಜ್ ಹುಟ್ಟುತ್ತದೆ. ಹಾಗಾಗಿ ಗೋಡೆಯಿಂದ 230 ಬಂದರೂ ಕೆಪಾಸಿಟರಿನ ಎರಡು ತುದಿಗೆ ಮೀಟರ್ ಇಟ್ಟರೆ 300 ದಾಟಿ ತೋರಿಸುವುದು ಮಾಮೂಲು. ಅದನ್ನು ತಡೆಯಲೆಂದೇ 440. ತಲೆಯ ಮೇಲೆ ತಿರುಗುವ ಸೀಲಿಂಗ್ ಫ್ಯಾನಿನ ಕಂಡೆನ್ಸರ್ ನೋಡಿ. 2.5 ಮೈಕ್ರೋಫ್ಯಾರಡ್ (ಅದು ಎಷ್ಟು ಹಿಡಿದಿಡುತ್ತದೆ ಎಂಬ ಅಳತೆ), 440 ವೋಲ್ಟ್ ಎಂದೇ ಇರುತ್ತದೆ. ಫ್ಯಾನಿಗೆ ಯಾರೂ ತ್ರೀ ಫೇಸ್ ಎಳೆಯುವುದಿಲ್ಲ, ಅಲ್ವಾ?

ಕೆಪಾಸಿಟರ್ ಬದಲಿಸುವಾಗ ಮೈಕ್ರೋಫ್ಯಾರಡ್ ಹಳೆಯದ್ದಷ್ಟೇ ಇರಬೇಕು. ವೋಲ್ಟ್ ಜಾಸ್ತಿ ಇದ್ದರೆ ತೊಂದರೆಯಿಲ್ಲ, ಕಮ್ಮಿ ಆಗಬಾರದು. ಮೋಟಾರಿಗೆ ಈ ರಿಯಾಯಿತಿ ಇಲ್ಲ. ಅದು ಎಷ್ಟಕ್ಕೆ ಸುತ್ತಿದ್ದೋ ಅಷ್ಟೇ ಕೊಡಬೇಕು. ಸ್ವಿಚ್ಚಿನ ಮೇಲಿರುವ 250 ವೋಲ್ಟ್, ಬಿಸಿ ಜಾಸ್ತಿಯಾದರೆ ಕರೆಂಟು ಕಡಿಯುವ ಥರ್ಮಲ್ ಫ್ಯೂಸಿನ ಮೇಲಿರುವ 250 ವೋಲ್ಟ್, ಇವೂ ತಾಳಿಕೆಯ ಲೆಕ್ಕವೇ. ಅದನ್ನು ಓದಿಕೊಂಡು ‘250ರ ಮೋಟಾರು ಕೊಡಿ’ ಎಂದವರೂ ಇದ್ದಾರೆ.

ಓದಬೇಕಾದ್ದು ಮೋಟಾರಿನದ್ದೇ ಪ್ಲೇಟನ್ನು. ವೋಲ್ಟ್, ಹರ್ಟ್ಸ್ (ಕರೆಂಟಿನ ಆವರ್ತನ), ಆಂಪಿಯರ್, ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಒಟ್ಟಿಗೆ ಇರುವುದು ಅದರಲ್ಲಿ ಮಾತ್ರ. ಕಡೆಯುವಾಗ ಚೆಲ್ಲಿದ ಹಿಟ್ಟಿನ ನೀರು ಇಳಿದು ಪ್ಲೇಟು ತುಕ್ಕು ಹಿಡಿದಿದ್ದರೆ ಹಳೇ ಮೋಟಾರನ್ನೇ ತನ್ನಿ. ದಯವಿಟ್ಟು ಗುಜರಿಗೆ ಕೊಟ್ಟು ಬರಬೇಡಿ. ಮೀಟರಿನಲ್ಲಿ ಓಮ್ಸ್, ಅಂದರೆ ತಂತಿಯ ತಡೆ, ನೋಡಿ ಅಂದಾಜು ಮಾಡಬಹುದು. ಒಂದೇ ವಾಟಿನ ಎರಡು ಮೋಟಾರುಗಳಲ್ಲಿ 115ರದ್ದರ ಓಮ್ಸ್ 230ರದ್ದರ ಸುಮಾರು ಕಾಲು ಭಾಗ ಬರುತ್ತದೆ, ತಂತಿಯೂ ದಪ್ಪ. ಆದರೆ ಸುಟ್ಟ ವೈಂಡಿಂಗಿನ ಓಮ್ಸನ್ನು ನಾನು ನಂಬುವುದಿಲ್ಲ. ಹಾಗಾಗಿ ಫೋನಿನಲ್ಲಿ ಕೇಳಿದರೆ ಹೇಳುವುದೂ ಇಲ್ಲ. ಬಿಚ್ಚುವ ಮೊದಲು ಪ್ಲಗ್ ಕಿತ್ತಿಡಿ. ಕಿತ್ತ ಮೇಲೂ ಕಂಡೆನ್ಸರ್ ಒಳಗೆ ಕರೆಂಟು ಹಿಡಿದಿಟ್ಟುಕೊಂಡಿರಬಹುದು, ತುದಿಗೆ ಬೆರಳು ತಾಗಿಸಬೇಡಿ.

115ರ ಮೋಟಾರು ಇಲ್ಲಿ ಎಲ್ಲಿಂದ ಬರಬೇಕು ಎನ್ನಬಹುದು. ಕಾಸರಗೋಡಿನಲ್ಲಿ ಈ ಪ್ರಶ್ನೆ ಕೇಳಬಾರದು. ಮನೆಗೊಬ್ಬರು ಗಲ್ಫಿನಲ್ಲಿದ್ದ ಊರು ಇದು. ದುಬೈಯಿಂದ ತಂದದ್ದು ಸಾಧಾರಣ ಇಲ್ಲಿಗೂ ಸರಿಹೊಂದುತ್ತದೆ. ಸೌದಿಯದ್ದಾದರೆ ಎರಡು ಸಲ ನೋಡುತ್ತೇನೆ. ಅಲ್ಲಿನ ಮನೆಗಳಲ್ಲಿ ಮೊದಲು 127 ವೋಲ್ಟ್ ಇತ್ತು, ಹರ್ಟ್ಸ್ 60. ಪ್ಲೇಟಿನಲ್ಲಿ 1725 ಆರ್‌ಪಿಎಂ ಕಂಡರೆ ಅದು 60 ಹರ್ಟ್ಸಿನದ್ದೆಂದು ತಿಳಿಯುತ್ತೇನೆ, ನಮ್ಮ 50ರಲ್ಲಿ ಅಂಥದ್ದು 1440ರ ಹತ್ತಿರ ಇರುತ್ತದೆ.

ಉಪ್ಪಳದ ಕಡೆಯ ಒಬ್ಬರು ಅಕ್ಕನ ಮನೆಯಲ್ಲಿ ಹಾಗೆ ಸೌದಿಯಿಂದ ಬಂದ ಮಿಕ್ಸಿ ಇತ್ತು. 230ನ್ನು 110 ಮಾಡುವ ಒಂದು ಭಾರದ ಡಬ್ಬಿ, ಅದಕ್ಕೆ ಮಿಕ್ಸಿ. ವರ್ಷಗಟ್ಟಲೆ ಹಾಗೇ ನಡೆದಿತ್ತು. ಒಂದು ದಿನ ಮೊಮ್ಮಗ ಡಬ್ಬಿ ಬಿಟ್ಟು ಸೀದಾ ಗೋಡೆಗೆ ಚುಚ್ಚಿದ. ವಿಮಾನ ಏರುವ ಹಾಗೆ ಶಬ್ದ ಬಂತಂತೆ, ಆಮೇಲೆ ಹೊಗೆ. ಜಾರು, ಬ್ಲೇಡು ಎಲ್ಲ ಚೆನ್ನಾಗಿತ್ತು. ನಾನು ಒಳಗೆ ಇಲ್ಲಿಯದೇ 230ರ ಮೋಟಾರು ಕೂರಿಸಿ ಕೊಟ್ಟೆ. ಎರಡೇ ದಿನಕ್ಕೆ ಫೋನು. ‘ನಿಮ್ಮ ಹೊಸ ಮೋಟಾರಿಗೆ ದಮ್ಮೇ ಇಲ್ಲ, ಚಟ್ನಿಯ ತೆಂಗಿನಕಾಯಿ ಹಾಗೇ ನಿಂತಿದೆ.’

ಹೋಗಿ ನೋಡಿದೆ. ಡಬ್ಬಿ ಮೊದಲಿನ ಜಾಗದಲ್ಲೇ ಕೂತಿತ್ತು, ಮಿಕ್ಸಿಯ ಪ್ಲಗ್ ಅದರಲ್ಲೇ ಇತ್ತು. ಕಿತ್ತು ಗೋಡೆಗೆ ಹಾಕಲು ಹೋದರೆ ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿದರು.

‘ಬೇಡ ಅಣ್ಣಾ, ಹಾಗೆ ಮಾಡಿಯೇ ಮೊನ್ನೆ ಸುಟ್ಟದ್ದು!’